ಷಡ್ಡಕನ ಪದ್ಮಿನಿ, ನನ್ನ ಡ್ಯಾಶ್‌ಬೋರ್ಡ್

ಮಧುಗಿರಿಯಲ್ಲಿ ಇಷ್ಟು ವರ್ಷ ಗುಂಡಿ, ದಾರ, ಜಿಪ್ಪು ಮಾರಿಕೊಂಡು ಬಂದ ನನಗೆ ನಾಲ್ಕು ತೂತು ಸರಿಮಾಡುವುದು ಯಾವ ಮಹಾ ಕೆಲಸ? ಈ ಧೈರ್ಯದಿಂದಲೇ ನಾನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡದ್ದು.

ತೂತುಗಳಿದ್ದದ್ದು ನನ್ನ ಹಳೆಯ ಅಂಬಾಸಿಡರ್ ಕಾರಿನಲ್ಲಿ. ಅದರ ಡ್ಯಾಶ್‌ಬೋರ್ಡಿಗೆ ಹಿಂದಿನ ಮಾಲೀಕರು ಚೆಂದದ ಮರದ ಹಲಗೆ ಹಾಕಿಸಿದ್ದರು. ಹಲಗೆ ಹಿಡಿದಿದ್ದ ಸ್ಕ್ರೂಗಳ ತೂತು ಸವೆದು ಅಗಲವಾಗಿತ್ತು. ಎಷ್ಟು ತಿರುಗಿಸಿದರೂ ಸ್ಕ್ರೂ ತಿರುಗುತ್ತಲೇ ಇತ್ತು, ಕಚ್ಚುತ್ತಿರಲಿಲ್ಲ. ಗಾಡಿ ಓಡಿದರೆ ಹಲಗೆ ಗಡಗಡ ನಡುಗುತ್ತಿತ್ತು.

ನಡುಗಿಕೊಂಡಿರಲಿ ಎಂದು ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಶಿರಾದಲ್ಲಿ ನನ್ನ ಷಡ್ಡಕ ರುದ್ರೇಶನಿದ್ದಾನಲ್ಲ! ನನ್ನ ಹೆಂಡತಿಯ ತಂಗಿಯ ಗಂಡ. ಅವನ ಹತ್ತಿರ ಕೆನೆಬಣ್ಣದ ಹಳೆಯ ಪದ್ಮಿನಿ ಕಾರಿದೆ. ಅದು ನಡುಗುವುದಿಲ್ಲ. ಅದರ ಗಡಿಯಾರ ಕೂಡ ಸರಿಯಾದ ಸಮಯ ತೋರಿಸುತ್ತದೆ! ಅದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ನೆಂಟರಿಗೆಲ್ಲ ಗೊತ್ತು.

ಅಷ್ಟರಲ್ಲಿ ಭಾಮೈದನ ಮದುವೆ ನಿಶ್ಚಯವಾಯಿತು. ಮದುಮಗನನ್ನು ದೇವಸ್ಥಾನದಿಂದ ಛತ್ರಕ್ಕೆ ಹಳೆಯ ಕಾರಿನಲ್ಲೇ ಕರೆತರಬೇಕೆಂದು ಕೊಳಾಲದ ಮಾವನವರ ಆಸೆ. ಹಿರಿಯಕ್ಕನಾದ ನನ್ನ ಹೆಂಡತಿ ಪಕ್ಕದಲ್ಲಿ ಕಳಸ ಹಿಡಿದು ಕೂರಬೇಕು. ಇಬ್ಬರು ಅಳಿಯಂದಿರು, ಎರಡು ಹಳೆಯ ಕಾರು. ಯಾವುದು?

ಮಾವನವರು ಫೋನಿನಲ್ಲಿ ತೀರ್ಪು ಕೊಟ್ಟರು. "ಭಾನುವಾರ ಮೊದಲ್ನೇ ಲಗ್ನಪತ್ರಿಕೆ ಸಿದ್ದರಬೆಟ್ಟದ ದೇವರಿಗೆ ಇಡಬೇಕು ಅಳಿಯಂದ್ರೆ. ನಿಮ್ ಗಾಡೀಲೇ ಹೋಗ್ಬರಾನ. ನೆಟ್ಟಗೆ ಹೋಗ್ಬಂದ್ರೆ ಮದುವೆಗೂ ಅದೇ."

"ನಾನು ನಮ್ ಗಾಡೀಲೇ ಕಳಸ ಹಿಡ್ಕಂಡು ಬರಬೇಕು ಕಣ್ರೀ," ಎಂದಳು ಹೆಂಡತಿ. "ತಂಗಿ ಗಂಡನ ಗಾಡೀಲಿ ಬಂದ್ರೆ ನಿಮ್ ಮರ್ಯಾದೆ ಏನಾಯ್ತದೆ?"

ಸುದ್ದಿ ತಿಳಿದು ರುದ್ರೇಶನೇ ಫೋನ್ ಮಾಡಿದ. "ಅಣ್ಣ, ಹಲಗೆ ಪೂರ್ತಿ ಬಿಚ್ಚಿ, ತೂತಿಗೆ ಗೋಂದು ಹಚ್ಚಿ ಬೆಂಕಿಕಡ್ಡಿ ತುರುಕಿ, ಒಂದಿನ ಒಣಗಾಕಿ. ಆಮ್ಯಾಕೆ ಅದೇ ಸ್ಕ್ರೂ ಹಾಕಿ. ಗಟ್ಟಿ ನಿಂತ್ಕತದೆ."

ಎಷ್ಟು ಸುಲಭವಾದ ಉಪಾಯ! ಆದರೆ ರುದ್ರೇಶನದು. ಆದ್ದರಿಂದ ಬೆಂಕಿಕಡ್ಡಿ ಆ ಕ್ಷಣದಿಂದಲೇ ನಮ್ಮ ಮನೆಯಲ್ಲಿ ನಿಷಿದ್ಧವಾಯಿತು.

ಇನ್ನು ಹಲಗೆ ಬಿಚ್ಚುವ ಮಾತು. ಅದರ ಮೇಲೆ ಗಣಪತಿ, ಸಿದ್ದೇಶ್ವರ, ಪಾವಗಡದಿಂದ ತಂದ ಶನಿಮಹಾತ್ಮ, ಮೂವರೂ ಪೂಜೆ ಮಾಡಿಸಿಕೊಂಡು ಭದ್ರವಾಗಿ ಅಂಟಿ ಕೂತಿದ್ದರು.

"ಪೂಜೆ ಮಾಡಿ ಕೂರಿಸಿದ ದೇವ್ರುನ್ನ ಮದುವೆ ಮುಂದೆ ಕದಲಿಸಬ್ಯಾಡಿ," ಎಂದಳು ಹೆಂಡತಿ. ಗಣಪತಿಯನ್ನಾದರೂ ಒಪ್ಪಿಸಬಹುದಿತ್ತು. ಶನಿಮಹಾತ್ಮನನ್ನು ಎಬ್ಬಿಸುವ ಧೈರ್ಯ ನನಗೂ ಇರಲಿಲ್ಲ. ಹೀಗಾಗಿ ದೇವರುಗಳು ಕೂತಲ್ಲೇ ಕೂತಿರಲಿ, ಮುಂದಿನಿಂದಲೇ ದಪ್ಪ ಸ್ಕ್ರೂ ಬಿಗಿಯೋಣ ಎಂದು ತೀರ್ಮಾನಿಸಿದೆ.

ಅಂಗಡಿಯವನು ಉದ್ದದ ಸ್ಕ್ರೂ ಕೊಡುತ್ತಾ, "ಬಾಗ್ಲಿಗಾ ಸಾರ್?" ಎಂದ.

"ಡ್ಯಾಶ್‌ಬೋರ್ಡಿಗೆ."

ಅವನು ಒಮ್ಮೆ ಸ್ಕ್ರೂ ನೋಡಿ, ಒಮ್ಮೆ ನನ್ನನ್ನು ನೋಡಿ, ಪೊಟ್ಟಣ ಕಟ್ಟಿದ.

ಮೊದಲನೆಯ ಸ್ಕ್ರೂ ಗಬಕ್ಕನೆ ಕಚ್ಚಿತು. ಎರಡನೆಯದಕ್ಕೆ ಚಟ್ ಎಂದಿತು. ಗಣಪತಿಯ ಪಾದದಿಂದ ಶನಿಮಹಾತ್ಮನ ಪಾದದವರೆಗೆ ಹಲಗೆ ನೀಟಾಗಿ ಬಿರುಕು ಬಿಟ್ಟಿತ್ತು!

"ಏನ್ರೀ ಅದು ಸದ್ದು?" ಒಳಗಿನಿಂದ ಹೆಂಡತಿ ಕೇಳಿದಳು.

"ಬಿಗಿಯಾಗ್ತಾ ಐತೆ ಕಣೆ."

ಬಿರುಕಿಗೆ ಕಂದು ಬಣ್ಣದ ಬೂಟ್ ಪಾಲಿಶ್ ಬಳಿದೆ. ಮಾಯ! ಉಳಿದೆರಡು ಸ್ಕ್ರೂ ಒಳಗಿಳಿಯುವಾಗ ಹಿಂದೆ ಏನೋ ಮೆತ್ತಗೆ ಸಿಕ್ಕಿತು. ಹಳೆಯ ಮರ, ಚೆನ್ನಾಗಿ ಮಾಗಿದೆ ಎಂದುಕೊಂಡು ಇನ್ನೆರಡು ಸುತ್ತು ಜಾಸ್ತಿಯೇ ತಿರುಗಿಸಿದೆ. ಈಗ ಹಲಗೆ ಅಲ್ಲಾಡಲಿಲ್ಲ. ರುದ್ರೇಶ ನೋಡಲೆಂದೇ ನೆಂಟರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಅವನು, "ಸೂಪರ್ ಅಣ್ಣ," ಎಂದು ಬರೆದ. ನನಗೆ ಸಿಟ್ಟು ಬಂತು. ಅವನಿಗೆ ಹೊಟ್ಟೆ ಉರಿಯಲಿ ಎಂದು ತಾನೇ ಇಷ್ಟೆಲ್ಲ ಮಾಡಿದ್ದು!

ಭಾನುವಾರ ನಸುಕಿನ ಖಾಲಿ ರಸ್ತೆಯಲ್ಲಿ ಹಾರನ್, ಇಂಡಿಕೇಟರ್ ಮುಟ್ಟದೆಯೇ ಕೊಳಾಲ ಸೇರಿದೆವು. ಅಲ್ಲಿ ಮಾವನವರು ಅರಿಶಿನ ಹಚ್ಚಿದ ಪತ್ರಿಕೆ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತರು. ಹಲಗೆ ತಟ್ಟಿ ನೋಡಿ, "ಗಟ್ಟಿಗೈತೆ," ಎಂದರು. ಹಿಂದೆ ಕೂತ ಹೆಂಡತಿ ಹಿಗ್ಗಿದಳು. ನಾನು ಮನಸ್ಸಿನಲ್ಲೇ ಕಾರಿಗೆ ಮದುವೆಯ ಹೂವು ಕಟ್ಟಿಬಿಟ್ಟೆ.

ಮೊದಲ ತಿರುವಿನಲ್ಲಿ ಇಂಡಿಕೇಟರ್ ಹಾಕಿದೆ. ಹಾರನ್ ಹೊಡೆದುಕೊಳ್ಳತೊಡಗಿತು. ಗಾಬರಿಯಿಂದ ಹಾರನ್ ಒತ್ತಿದೆ. ವೈಪರ್ ಓಡತೊಡಗಿತು! ಸ್ಕ್ರೂ ಇಳಿದದ್ದು ಮಾಗಿದ ಮರಕ್ಕಲ್ಲ, ವೈರಿನ ಕಟ್ಟಿಗೆ ಎಂದು ಆಗ ಅರ್ಥವಾಯಿತು. ಹಾರನ್ ನಿಲ್ಲಲೇ ಇಲ್ಲ. ಎದುರಿಗೆ ಬರುತ್ತಿದ್ದ ಕುರಿಮಂದೆ ಚೆಲ್ಲಾಪಿಲ್ಲಿಯಾಯಿತು.

"ಯಾರಿಗೆ ಏನಾಯ್ತು ಸ್ವಾಮಿ? ಆಸ್ಪತ್ರೆಗಾ?" ಎಂದು ಕುರಿ ಕಾಯುವವನು ಕೂಗಿ ಕೇಳಿದ.

ಕುರಿ ತಪ್ಪಿಸಲು ಬ್ರೇಕ್ ಒತ್ತಿದೆ. ಪಾಲಿಶ್ ಬಳಿದ ಬಿರುಕು ಬಾಯಿ ಬಿಟ್ಟಿತು. ಅರ್ಧ ಹಲಗೆ ಶನಿಮಹಾತ್ಮನ ಸಮೇತ ಮಾವನವರ ಮಡಿಲಿಗೆ ಬಿತ್ತು.

ನಾನು ಇಳಿದು ಬ್ಯಾಟರಿ ವೈರು ಕಿತ್ತೆ. ಹಾರನ್ ನಿಂತಿತು. ಮಾವನವರು ಶನಿಮಹಾತ್ಮನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ, ಶಾಂತವಾಗಿ, "ರುದ್ರೇಶಂಗೆ ಫೋನ್ ಮಾಡಿ ಅಳಿಯಂದ್ರೆ," ಎಂದರು.

ನಾನೇ ಮಾಡಬೇಕಾಯಿತು. ರುದ್ರೇಶ ಪದ್ಮಿನಿಯಲ್ಲಿ ಬಂದು ಮಾವನವರನ್ನೂ ಪತ್ರಿಕೆಯನ್ನೂ ಬೆಟ್ಟಕ್ಕೆ ಹತ್ತಿಸಿಕೊಂಡ. ನಗಲಿಲ್ಲ. "ಹಳೇ ಗಾಡಿ ಅಂದ್ರೆ ಇಂಗೆಯಾ ಅಣ್ಣ, ಬೇಜಾರ್ ಮಾಡ್ಕಬ್ಯಾಡಿ," ಎಂದ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಒಳ್ಳೆಯತನದಲ್ಲೂ ಅವನೇ ಮುಂದೆ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಮದುವೆಯ ದಿನ ಪದ್ಮಿನಿ ಹೂವು ಮುಡಿದು ಮುಂದೆ ಹೋಯಿತು. ಒಳಗೆ ಮದುಮಗ, ಪಕ್ಕದಲ್ಲಿ ಕಳಸ ಹಿಡಿದ ನನ್ನ ಹೆಂಡತಿ. "ನಿಮ್ ಗಾಡಿನೂ ಬೇಕು ಅಳಿಯಂದ್ರೆ," ಎಂದು ಮಾವನವರು ನನಗೂ ಗೌರವದ ಕೆಲಸ ಕೊಟ್ಟಿದ್ದರು. ತಾಂಬೂಲದ ತೆಂಗಿನಕಾಯಿ ಮೂಟೆಗಳನ್ನು ಹೇರಿಕೊಂಡು ನಾನು ಹಿಂದೆ ಹಿಂದೆ ಹೋದೆ.

ಛತ್ರದ ಬಾಗಿಲಲ್ಲಿ ಹೆಂಡತಿ ಇಳಿದಳು. ತಡೆಯಲಾರದೆ ಕೇಳಿದೆ, "ಹೆಂಗಿತ್ತು ಅವನ ಗಾಡಿ?"

"ಕೂತಿದ್ದೇ ಗೊತ್ತಾಗ್ಲಿಲ್ಲ ಕಣ್ರೀ. ಕಳಸದ ನೀರು ಒಂಚೂರೂ ತುಳುಕಲಿಲ್ಲ," ಎಂದಳು. ಆಮೇಲೆ ಪಾಪ ಅನ್ನಿಸಿರಬೇಕು. "ನಿಮ್ದು?"

ನಾನು ಹಿಂದಿನ ಸೀಟಿನ ಕಡೆ ನೋಡಿದೆ.

"ತೆಂಗಿನಕಾಯಿಗಳು ಏನೂ ಅನ್ನಲಿಲ್ಲ," ಎಂದೆ.