ಶಿವಪುತ್ರಪ್ಪನವರ ಕಿವಿಯ ಅಳತೆ

ಶಿವಪುತ್ರಪ್ಪನವರ ಬಲಗಿವಿಯ ತೂತು ಎಡಗಿವಿಯ ತೂತಿಗಿಂತ ಒಂದು ಜೋಳದ ಕಾಳಿನಷ್ಟು ದೊಡ್ಡದು. ನಲವತ್ತೊಂದು ವರ್ಷ ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಯಾರದೂ ಏನೂ ಕೆಟ್ಟಿರಲಿಲ್ಲ. ಕಿವಿಯೊಳಗೆ ತುರುಕಿಕೊಳ್ಳುವ ದುಬಾರಿ ಇಯರ್‌ಫೋನು ಕೊಂಡ ಮೇಲೆ ಕೇಡು ಶುರುವಾಯಿತು. ಎಡಗಡೆಯದು ಗೂಟ ಹೊಡೆದ ಹಾಗೆ ನಿಲ್ಲುತ್ತಿತ್ತು. ಬಲಗಡೆಯದು, ಬೀಗರ ಮನೆಯಲ್ಲಿ ಮರ್ಯಾದೆ ಸಿಗದ ಅಳಿಯನ ಹಾಗೆ, ಐದು ನಿಮಿಷಕ್ಕೊಮ್ಮೆ ಎದ್ದು ಹೊರಗೆ ಬರುತ್ತಿತ್ತು.

ಹಾಡು ಕೇಳುವುದು ಅವರ ಹುಚ್ಚು ಎಂದರೆ ತಪ್ಪಾದೀತು. ಹಾಡು ಯಾವುದಾದರೂ ನಡೆಯುತ್ತಿತ್ತು. ಹಾಡಿನ ಹಿಂದೆ ಎಲ್ಲೋ ಒಂದು ಕಂಚಿನ ತಟ್ಟೆ ಚಿಣ್ ಎಂದರೆ ಆ ಚಿಣ್ ಎಷ್ಟು ಹೊತ್ತು ಗಾಳಿಯಲ್ಲಿ ಉಳಿಯುತ್ತದೆ ಎಂಬುದು ಅವರ ಚಿಂತೆ. ಮರಾಠಿ ನಾಡಿನ ಮಗರಪಟ್ಟಾದ ಕಂಪನಿಯಲ್ಲಿ ಅವರು ಬಿಲ್ಲಿಂಗ್ ವಿಭಾಗದ ಮುಖ್ಯಸ್ಥರು. ಅಮೆರಿಕದ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತನಾಡುವ ಕುರ್ಚಿ ಅವರದು. ಆ ಕುರ್ಚಿಯಲ್ಲಿ ಕೂತೇ ಅವರು ಇಂಟರ್‌ನೆಟ್ಟಿನಲ್ಲಿ ಜಗತ್ತಿನ ಎಲ್ಲ ಕಿವಿಹುಚ್ಚರ ಬರಹಗಳನ್ನೂ ಓದಿ ಮುಗಿಸಿದ್ದರು. ಓದಿ ತಿಳಿದದ್ದು ಇಷ್ಟು: ಎಲ್ಲರ ಕಿವಿಗೂ ಒಂದೇ ಅಳತೆ ಎಂದು ಮಾಡಿದ ‘ಯೂನಿವರ್ಸಲ್’ ಮಾಲು ರೆಡಿಮೇಡ್ ಪ್ಯಾಂಟಿದ್ದಂತೆ. ನಮ್ಮ ಕಿವಿಯ ಅಚ್ಚು ತೆಗೆದು ಕಳಿಸಿದರೆ ಅಮೆರಿಕದಲ್ಲಿ ನಮಗೆಂದೇ ಕೂಡಿಸಿಕೊಡುವ ‘ಕಸ್ಟಮ್’ ಮಾಲೇ ಮಾಲು.

"ಸರ್, ಕಸ್ಟಮ್ ತಗೊಂಡ್ರೆ ನಿಮ್ಮ ಕಿವಿಗೆ ಬಿಟ್ಟು ಇನ್ಯಾರ ಕಿವಿಗೂ ಹಿಡಿಯಲ್ಲ. ಬೇಡ ಅಂದ್ರೆ ಯಾರಿಗೆ ಮಾರ್ತೀರ?" ಎಂದ ಮೋಹನದಾಸ್. ಬೆಂಗಳೂರಿನಿಂದ ಬಂದ ಸಹೋದ್ಯೋಗಿ. ಅವನ ಹತ್ತಿರ ಮೂರು ಬಗೆಯ ಯೂನಿವರ್ಸಲ್ ಇದ್ದವು. "ನೋಡಿ, ಈ ಫೋಮ್ ಟಿಪ್ ಹಾಕಿದ್ರೆ ಫಿಟ್ಟಿಂಗೂ ಸಿಗುತ್ತೆ, ಬೇಸೂ ಸಿಗುತ್ತೆ."

"ಬೇಸ್ ಏನ್ ಮಾಡ್ತೀಯೋ, ಲಗ್ನದ ಬ್ಯಾಂಡಿನ್ಯಾಗೂ ಸಿಗ್ತದ. ಟ್ರೆಬಲ್ ನೋಡು, ಟ್ರೆಬಲ್! ಕಸ್ಟಮ್ ಒಳಗ ಆ ಚಿಣ್ ಅನ್ನೋದು ಬೆಳ್ಳಿ ತಂತಿ ಎಳದಂಗ ಹೋಗ್ತದ."

"ನೀವು ಕಸ್ಟಮ್ ಕೇಳೇ ಇಲ್ವಲ್ಲ ಸರ್?"

"ಕೇಳೋದ್ಯಾಕ? ಓದೀನಿ."

ಆದರೆ ಓದಿನಿಂದ ಹೆಂಡತಿಯನ್ನು ಒಲಿಸುವುದು ಸಾಧ್ಯವಿರಲಿಲ್ಲ. ಬೆಲೆ ಕೇಳಿದ ದಿನ ಸುಮಂಗಲಾಬಾಯಿ, "ಅಷ್ಟರಾಗ ಎರಡು ಫ್ರಿಜ್ ಬರ್ತಾವ್ರಿ. ಫ್ರಿಜ್ ಕಿವ್ಯಾಗ ಇಟ್ಕೊಳ್ಳಾಕ ಬರಂಗಿಲ್ಲ ಅಂತ ಬಿಟ್ಟೀರೇನು?" ಎಂದು ಕೇಳಿ ಮಾತು ಮುಗಿಸಿದ್ದರು.

ಅಚ್ಚು ತೆಗೆಸಿಟ್ಟುಕೊಳ್ಳುವುದಕ್ಕೆ ಏನು ಅಡ್ಡಿ ಎಂದುಕೊಂಡು ಒಂದು ಶನಿವಾರ ಬೆಳಿಗ್ಗೆ ಅವರು ಗುಟ್ಟಾಗಿ ಹಡಪಸರದ ಒಂದು ಕಿವಿ ಕ್ಲಿನಿಕ್ಕಿಗೆ ಹೋದರು. ಅಲ್ಲಿ ಕಿವಿ ಪರೀಕ್ಷೆ ಮಾಡಿ ಕಿವುಡರಿಗೆ ಮಶಿನ್ ಕೊಡುವ ತ್ರಿವೇಣಿ ಎಂಬ ಹೆಣ್ಣುಮಗಳಿದ್ದಳು. ಸೊಲ್ಲಾಪುರದ ಕಡೆಯವಳು, ಮಾತು ಕಡಿಮೆ, ಕೈ ಚುರುಕು. ಎರಡೂ ಕಿವಿಯೊಳಗೆ ದಾರ ಕಟ್ಟಿದ ಹತ್ತಿ ಇಟ್ಟು, ಹೋಳಿಗೆ ಕಣಕದಂಥ ಗುಲಾಬಿ ರಬ್ಬರನ್ನು ಪಿಚಕಾರಿಯಿಂದ ತುಂಬಿ, ಹಲ್ಲಿನ ನಡುವೆ ಒಂದು ಕಟ್ಟಿಗೆಯ ತುಂಡು ಕೊಟ್ಟಳು. "ಬಾಯಿ ಹಿಂಗ ತಕ್ಕೊಂಡ ಕೂಡ್ರಿ. ಹತ್ತು ನಿಮಿಷ ಅಲಗ್ಯಾಡಬ್ಯಾಡ್ರಿ," ಎಂದು ಒಳಕೋಣೆಗೆ ಹೋದಳು.

ಶಿವಪುತ್ರಪ್ಪ ಕೂತರು. ಕಿವಿಯಿಂದ ಗುಲಾಬಿ ಕಣಕ ಉಕ್ಕಿ, ಬಾಯಿ ಅಗಲಿಸಿ, ಕಣ್ಣು ನೆಟ್ಟು. ಕ್ಲಿನಿಕ್ಕಿನ ಬಾಗಿಲು ಗಾಜಿನದು. ಅದರಾಚೆ ಮೆಂತೆಸೊಪ್ಪಿನ ಚೌಕಾಸಿ ಮುಗಿಸಿ ಬರುತ್ತಿದ್ದವರು ಅವರ ಪಕ್ಕದ ಮನೆಯ ಸಾವಿತ್ರಿಬಾಯಿ.

ಸಾವಿತ್ರಿಬಾಯಿ ಗಾಜಿಗೆ ಮೂಗು ಹಚ್ಚಿ ನೋಡಿದರು. ಬಾಗಿಲು ತೆರೆದು, "ಶಿವಪುತ್ರಪ್ಪಣ್ಣಾರ!" ಎಂದರು. ಉತ್ತರವಿಲ್ಲ. ಇನ್ನಷ್ಟು ಗಟ್ಟಿಯಾಗಿ ಕರೆದರು. ಉತ್ತರವಿಲ್ಲ. ಕನ್ನಡ ನಾಟಲಿಲ್ಲವೇನೋ ಎಂದು ಮರಾಠಿಯಲ್ಲಿ "ಐಕೂ ಯೇತಂ ಕಾ?", ಕೇಳಿಸುತ್ತದೆಯೇ, ಎಂದು ಕೂಗಿದರು. ರಸ್ತೆಯಾಚೆಯ ರಿಕ್ಷಾದವನು ತಿರುಗಿ ನೋಡಿದ, ಶಿವಪುತ್ರಪ್ಪ ಅಲುಗಲಿಲ್ಲ. ಸಾವಿತ್ರಿಬಾಯಿಯ ಕಣ್ಣು ತುಂಬಿ ಬಂತು. ಸೊಪ್ಪಿನ ಚೀಲವನ್ನು ಎದೆಗೆ ಅವುಚಿಕೊಂಡು ಅವರು ಮನೆಯತ್ತ ಓಡಿದರು.

ಅಚ್ಚು ಜೇಬಿಗಿಟ್ಟುಕೊಂಡು ಶಿವಪುತ್ರಪ್ಪ ಮನೆ ಮುಟ್ಟುವಷ್ಟರಲ್ಲಿ ಬಾಗಿಲಲ್ಲಿ ಹತ್ತು ಜೋಡಿ ಚಪ್ಪಲಿ ಇದ್ದವು. ಒಳಗೆ ಸುಮಂಗಲಾಬಾಯಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಗಂಡನನ್ನು ಕಂಡದ್ದೇ ಎದ್ದು ಬಂದು, ಅವರ ಎರಡೂ ಕೆನ್ನೆ ಹಿಡಿದು, ಬಾವಿಯೊಳಗೆ ಬಿದ್ದವರನ್ನು ಕರೆಯುವ ಹಾಗೆ ಕೂಗಿದರು: "ನನಗ್ಯಾಕ ಹೇಳ್ಲಿಲ್ರೀ! ಕಿವಿ ಹೋದ್ರ ಹೋಗ್ಲಿ! ಮಶಿನ್ ಎಷ್ಟರ ಆಗ್ಲಿ ತಗೋರಿ! ನನ್ನ ಭಿಶಿ ಚೀಟಿ ಎತ್ತಿದ ರೊಕ್ಕ ಅದ!"

ಶಿವಪುತ್ರಪ್ಪ ‘ಏ ಹುಚ್ಚಿ, ನನ್ನ ಕಿವಿ ಛಲೋ ಅದ’ ಎನ್ನಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಕಿವಿಯಲ್ಲಿ ಇಟ್ಟುಕೊಳ್ಳುವ ಮಶಿನ್. ಎಷ್ಟಾದರೂ ಆಗಲಿ. ಅಮೆರಿಕದಿಂದ ಬರುವ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಯಾರು ಓದುತ್ತಾರೆ? ಒಂದು ಕ್ಷಣ ಮನಸ್ಸಾಕ್ಷಿ ಕೆಮ್ಮಿತು. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ.

"ಆಂ?" ಎಂದರು ಶಿವಪುತ್ರಪ್ಪ.

ಆ ಒಂದಕ್ಷರಕ್ಕೆ ಮನೆಯೆಲ್ಲ ಅಯ್ಯೋ ಎಂದಿತು.

ಅಲ್ಲಿಂದ ಎಲ್ಲರೂ ಅವರ ಜೊತೆ ಕೂಗಿ ಮಾತನಾಡತೊಡಗಿದರು. ಅವರ ಬಗ್ಗೆ ಮಾತ್ರ ಅವರೆದುರಿಗೇ ಮೆಲ್ಲಗೆ. ಕೆಳಗಿನ ಮನೆಯ ಕಾಶಪ್ಪ, ನಿವೃತ್ತ ಗೋದಾಮು ಗುಮಾಸ್ತ, ಅವರ ಬೆನ್ನು ಸವರಿ "ಧೈರ್ಯ ತಗೋರಿ!" ಎಂದು ಗುಡುಗಿ, ಹಿಂದೆಯೇ ಪಕ್ಕಕ್ಕೆ ತಿರುಗಿ, "ಒಂದು ರೀತಿ ಛಲೋ ಆತು. ಸೊಸೈಟಿ ಮೀಟಿಂಗಿನ್ಯಾಗ ಈ ಮನಷ್ಯಾ ಬ್ಯಾರೆಯವರ ಮಾತು ಯಾವಾಗ ಕೇಳ್ಯಾನ?" ಎಂದ.

"ಮೀಟಿಂಗ್ ಹೋಗ್ಲಿರಿ," ಎಂದರು ಸುಮಂಗಲಾಬಾಯಿ ನಿಟ್ಟುಸಿರಿಟ್ಟು. "ಹದಿನೈದು ವರ್ಷಾತು, ನಾ ಮಾತಾಡಿದ್ದು ಒಂದೂ ಕೇಳಿಲ್ಲ. ಸೊಕ್ಕು ಅನ್ಕೊಂಡಿದ್ದೆ. ರೋಗ ಇತ್ತು ಪಾಪ."

ಸಾವಿತ್ರಿಬಾಯಿ ಅಷ್ಟರಲ್ಲಿ ಒಳಗಿನಿಂದ ಬೆಳ್ಳುಳ್ಳಿ ಕಾಸಿದ ಎಣ್ಣೆ ತಂದರು. ಶಿವಪುತ್ರಪ್ಪ ಬೇಡವೆಂದು ಕೈಯಾಡಿಸಿದರು. ಕೇಳಿಸದವನ ಕೈಸನ್ನೆಗೆ ಬೆಲೆಯೇನು? ಕಾಶಪ್ಪ ತಲೆಯನ್ನು ಒಂದು ಮಗ್ಗಲಿಗೆ ಒತ್ತಿ ಹಿಡಿದ. ಎಣ್ಣೆ ಗಳಗಳ ಇಳಿಯಿತು. ನಂತರ ಇನ್ನೊಂದು ಮಗ್ಗಲು. ಹಿಟ್ಟು ಹಚ್ಚಿದ್ದರೆ ಶಿವಪುತ್ರಪ್ಪ ಚಹಾದ ಹೊತ್ತಿಗೆ ಸರಿಯಾಗಿ ಭಜಿ ಆಗಿಬಿಡುತ್ತಿದ್ದರು.

ಮಧ್ಯಾಹ್ನ ಎರಡಕ್ಕೆ ಮೋಹನದಾಸ್ ಬಂದ. ಸುಮಂಗಲಾಬಾಯಿಯೇ ಫೋನು ಮಾಡಿದ್ದರಂತೆ. ಅವನು ಶಿವಪುತ್ರಪ್ಪನವರ ಕೈ ಹಿಡಿದು ಮೌನವಾಗಿ ಕುಲುಕಿ, ಎದುರಿನ ಕುರ್ಚಿಯಲ್ಲಿ ಕೂತು, ಚಹಾ ಹೀರುತ್ತ ಸುಮಂಗಲಾಬಾಯಿಗೆ ಹೇಳಿದ:

"ನಂಗೆ ಮೊದ್ಲೇ ಡೌಟ್ ಇತ್ತು ಮೇಡಂ. ಹೋದ ತಿಂಗಳು ಒಂದೇ ಇಯರ್‌ಫೋನನ್ನ ಮೂರು ಬೇರೆ ಬೇರೆ ಬಾಕ್ಸಲ್ಲಿಟ್ಟು ಕೊಟ್ಟೆ. ಮೊದಲನೇದು ಮಣ್ಣು ಅಂದ್ರು. ಎರಡನೇದು ಪರವಾಗಿಲ್ಲ ಅಂದ್ರು. ಮೂರನೇದು ಕೇಳಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು."

ಶಿವಪುತ್ರಪ್ಪ ಕಪ್ಪಿನ ಚಹಾವನ್ನು ಬಶಿಗೆ ಸುರಿದು ಒಂದೇ ಗುಟುಕಿಗೆ ಕುಡಿದರು. ತಡೆದುಕೊಂಡರು. ಬೆಳ್ಳಿ ತಂತಿಯ ಆಸೆ ಅವರನ್ನು ತಡೆದಿತ್ತು.

"ಆಫೀಸಿಂದು ತಲೆ ಕೆಡಿಸ್ಕೋಬೇಡಿ ಮೇಡಂ," ಎಂದು ಮುಂದುವರಿಸಿದ ಮೋಹನದಾಸ್. "ಬರೋವಾಗ್ಲೇ ಮ್ಯಾನೇಜರಿಗೆ ಫೋನ್ ಮಾಡ್ದೆ. ಸೋಮವಾರದಿಂದ ಕ್ಲೈಂಟ್ ಕಾಲ್ ಎಲ್ಲಾ ನಾನೇ ನೋಡ್ಕೋತೀನಿ. ಸರ್ ಆರಾಮಾಗಿ ಫೈಲಿಂಗ್ ಮಾಡ್ಕೊಂಡಿರ್ಲಿ. ಸರ್ ಕುರ್ಚಿ ಸ್ವಲ್ಪ ಕಿರ್ ಅನ್ನುತ್ತೆ, ಎಣ್ಣೆ ಬಿಡಿಸ್ಕೋತೀನಿ."

"ಹಲ್ಕಟ್!" ಎಂದು ಶಿವಪುತ್ರಪ್ಪ ಎದ್ದರು. ಬಶಿ ನೆಲಕ್ಕೆ ಬಿತ್ತು. "ನನಗ ಎಲ್ಲಾ ಕೇಳಸ್ತದ! ನಾ ಕಿವುಡ ಅಲ್ಲ!"

ಸಾವಿತ್ರಿಬಾಯಿ ತಲೆಯಾಡಿಸಿದರು. "ನಮ್ಮ ಮಾವನೂ ಸಾಯೋತನಕ ಹಿಂಗ ಅಂತಿದ್ದ."

"ಇವ ಮೂರು ಡಬ್ಬಿ ಅಂದದ್ದು ಕೇಳಸ್ತು! ಕುರ್ಚಿ ಅಂದದ್ದು ಕೇಳಸ್ತು! ಇವ್ಳು ಸೊಕ್ಕು ಅಂದದ್ದೂ ಕೇಳಸ್ತು!"

"ಲಿಪ್ ರೀಡಿಂಗ್," ಎಂದ ಮೋಹನದಾಸ್ ಮರುಕದಿಂದ. "ತುಟಿ ನೋಡಿ ಹೇಳ್ತಾರೆ. ಅಂದ್ರೆ ಬಹಳ ದಿನದಿಂದ ಕೇಳಿಸ್ತಿಲ್ಲ ಅಂತ ಅರ್ಥ."

ಕಾಶಪ್ಪ ಖಾತ್ರಿ ಮಾಡಿಕೊಳ್ಳಲು ಅವರ ಬೆನ್ನ ಹಿಂದೆ ಹೋಗಿ ಏನೋ ಪಿಸುಗುಟ್ಟಿದ. ಕಿವಿ ತುಂಬ ಬೆಳ್ಳುಳ್ಳಿ ಎಣ್ಣೆ ತುಂಬಿದ್ದ ಶಿವಪುತ್ರಪ್ಪ, "ಏನಂದ್ರಿ?" ಎಂದು ತಿರುಗಿದರು. ಅಲ್ಲಿಗೆ ತೀರ್ಪಾಯಿತು.

ಎರಡು ರಿಕ್ಷಾ ಬಂದವು. ಒಂದರಲ್ಲಿ ಗಂಡ ಹೆಂಡತಿ, ಪಕ್ಕದಲ್ಲಿ ಸಾವಿತ್ರಿಬಾಯಿ. ಇನ್ನೊಂದರಲ್ಲಿ ಕಾಶಪ್ಪ ಮತ್ತು ಮೋಹನದಾಸ್. ದಾರಿಯುದ್ದಕ್ಕೂ ಸುಮಂಗಲಾಬಾಯಿ ಗಂಡನ ಕೈ ಬಿಡಲಿಲ್ಲ. ಹೆಂಡತಿಯ ಕೈ ಬೆವೆತದ್ದನ್ನು ನೋಡಿ ಶಿವಪುತ್ರಪ್ಪನವರಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಕುರ್ಚಿ ದೊಡ್ಡದು. ಕ್ಲಿನಿಕ್ಕಿನಿಂದ ‘ಕಿವಿ ಸರಿ ಇದೆ’ ಎಂದು ಒಂದು ಚೀಟಿ ಬರೆಸಿಕೊಂಡು ಸೋಮವಾರ ಮ್ಯಾನೇಜರನ ಮೇಜಿನ ಮೇಲೆ ಬಿಸಾಕಿದರೆ ಮೋಹನದಾಸನ ಮುಖ ಹೇಗಾಗುತ್ತದೆ ಎಂದು ನೆನೆದು ಅವರು ರಿಕ್ಷಾದಲ್ಲೇ ಒಮ್ಮೆ ನಕ್ಕರು.

"ತಲೀಗೂ ಏರ್‍ಯದೇನ?" ಎಂದು ಸಾವಿತ್ರಿಬಾಯಿ ಗಾಬರಿಯಾದರು.

ಕ್ಲಿನಿಕ್ಕಿನಲ್ಲಿ ಶಿವಪುತ್ರಪ್ಪ ಒಬ್ಬರೇ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡು, ತ್ರಿವೇಣಿಗೆ ಎಲ್ಲ ಹೇಳಿದರು. ಕಸ್ಟಮ್, ಫ್ರಿಜ್, ಆಂ, ಕುರ್ಚಿ, ಏನೂ ಮುಚ್ಚಿಡಲಿಲ್ಲ. ತ್ರಿವೇಣಿ ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು. "ಪರೀಕ್ಷೆ ಮಾಡದ ಚೀಟಿ ಕೊಡಾಕ ಬರಂಗಿಲ್ರಿ. ಹತ್ತು ನಿಮಿಷದ ಕೆಲಸ. ಮೊದಲ ಈ ಎಣ್ಣಿ ತಗೀತೀನಿ. ಆಮ್ಯಾಲೆ ಖರೇ ಖರೇ ಗುಂಡಿ ಒತ್ರಿ. ಸದ್ದು ಕೇಳಿದ್ರ ಒತ್ರಿ, ಕೇಳದಿದ್ರ ಬಿಡ್ರಿ."

ಎರಡೂ ಕಿವಿ ತೊಳೆದು, ಒಳಗೆ ಬ್ಯಾಟರಿ ಬೆಳಕು ಹಾಕಿ ನೋಡಿ, ಸ್ವಚ್ಛವೆಂದಾದ ಮೇಲೆ ಅವರನ್ನು ಸದ್ದು ನುಸುಳದ ಒಂದು ಕಪಾಟಿನಂಥ ಕೋಣೆಯಲ್ಲಿ ಕೂಡಿಸಿ ತಲೆಗೆ ಹೆಡ್‌ಫೋನು ಹಾಕಿದಳು. ಗಾಜಿನಾಚೆ ಅವಳು ಮಶಿನ್ ತಿರುಗಿಸತೊಡಗಿದಳು. ಕೂಂ ಎಂದಿತು, ಒತ್ತಿದರು. ಮೆಲ್ಲಗೆ ಕೂಂ ಎಂದಿತು, ಒತ್ತಿದರು. ಇರುವೆ ಆಕಳಿಸಿದಷ್ಟು ಮೆಲ್ಲಗೆ ಎಂದಿತು, ಅದಕ್ಕೂ ಒತ್ತಿದರು. ಶಿವಪುತ್ರಪ್ಪನವರ ಎದೆ ಉಬ್ಬಿತು. ಬರಲಿ ಮೋಹನದಾಸ, ಅಂದುಕೊಂಡರು. ನಡುನಡುವೆ ತ್ರಿವೇಣಿ ದಣಿವಾರಿಸಿಕೊಳ್ಳುತ್ತಿದ್ದಳೆಂದು ತೋರುತ್ತದೆ, ಬಹಳ ಹೊತ್ತು ಏನೂ ಸದ್ದು ಬರುತ್ತಿರಲಿಲ್ಲ. ಅವರೂ ಕಾಲಮೇಲೆ ಕಾಲು ಹಾಕಿ ಕಾದರು.

ಹೊರಗೆ ಬಂದಾಗ ತ್ರಿವೇಣಿ ನಗುತ್ತಿರಲಿಲ್ಲ. ಕಾಗದದ ಮೇಲಿನ ಗೆರೆಯನ್ನು ಪೆನ್ನಿನಿಂದ ತೋರಿಸಿದಳು. ಗೆರೆ ಅರ್ಧದವರೆಗೆ ಹಡಪಸರದ ಹೆದ್ದಾರಿಯ ಹಾಗೆ ಸಪಾಟಾಗಿ ಹೋಗಿ, ಅಲ್ಲಿಂದ ಭೋರ್ ಊರು ದಾಟಿದ ಮೇಲೆ ಸಿಗುವ ಘಾಟಿನ ಇಳಿಜಾರಿನ ಹಾಗೆ ಕೆಳಗೆ ಬಿದ್ದಿತ್ತು.

"ಇಲ್ಲೀತನಕ, ಬೇಸ್, ನಡುವಿನ ಮಿಡ್, ಛಲೋ ಅದರಿ. ಮಾತು ಕೇಳಸ್ತದ. ಇಲ್ಲಿಂದ ಮುಂದ ಸಣ್ಣ ದನಿ, ಟ್ರೆಬಲ್ ಅಂತೀರಲ್ಲ, ಅದು... ಭಾಳ ಕಡಿಮಿ ಆಗೇದ."

"ಅಲ್ಲಿ ನೀವು ಸದ್ದ ಕೊಡ್ಲಿಲ್ಲಲ್ಲ! ಸುಮ್ಮ ಕೂತಿದ್ರಿ!"

"ಕೊಟ್ಟೀನಿ," ಎಂದಳು ತ್ರಿವೇಣಿ ಮೆಲ್ಲಗೆ. "ಹದಿನಾಲ್ಕು ಸಲ ಕೊಟ್ಟೀನಿ."

ಶಿವಪುತ್ರಪ್ಪ ತಪ್ಪನ್ನು ಎಣ್ಣೆಯ ಮೇಲೆ ಹಾಕಲು ನೋಡಿದರು. ತೊಳೆದಾಗಿತ್ತು. ಮಶಿನ್ ಮೇಲೆ ಹಾಕಲು ನೋಡಿದರು. ತ್ರಿವೇಣಿ ಅದನ್ನೇ ತನ್ನ ಕಿವಿಗೆ ಹಾಕಿಕೊಂಡು ಟಕಟಕ ಗುಂಡಿ ಒತ್ತಿ ತೋರಿಸಿದಳು.

"ಎಷ್ಟು ವರ್ಷದಿಂದ ಕಿವ್ಯಾಗ ಹಾಕ್ಕೊಂಡು ಜೋರ್ ಇಟ್ಟು ಕೇಳ್ತೀರಿ?"

"ಹನ್ನೆರಡು."

"ಮೊದಮೊದಲ ಆ ಸದ್ದು ಇದ್ದಿರಬೇಕು. ಆಮ್ಯಾಲೆ ನೀವು ನೆನಪಿನ್ಯಾಗ ಕೇಳೀರಿ." ಅವಳು ಕಾಗದ ಮಡಿಸಿದಳು. "ಹಾಂಗಂತ ಹೊರಗ ಹೇಳ್ಲ್ಯಾ?"

"ಹೇಳಬ್ಯಾಡ್ರಿ," ಎಂದರು ಶಿವಪುತ್ರಪ್ಪ ಕೈಮುಗಿದು. "ಕಿವಿ ಛಲೋ ಅದ ಅಂತ ಬರದ ಕೊಡ್ರಿ. ಕೈ ಮುಗೀತೀನಿ."

ಆದರೆ ಬಾಗಿಲ ಸಂದಿಯಲ್ಲಿ ಆಗಲೇ ಏಳು ಕಣ್ಣಿದ್ದವು. ಎಂಟನೆಯದು ಕಾಶಪ್ಪನದು, ಅದಕ್ಕೆ ಜಾಗ ಸಿಕ್ಕಿರಲಿಲ್ಲ. ಸುಮಂಗಲಾಬಾಯಿ ಬಾಗಿಲು ನೂಕಿ ಒಳಗೆ ಬಂದು, ಸೊಂಟದ ಚೀಲದಿಂದ ನೋಟಿನ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. "ಇವ್ರ ಮಾತು ಹಿಡೀಬ್ಯಾಡವಾ. ಇದ್ದದ್ರಾಗ ಛಲೋ ಮಶಿನ್ ಕೊಡು. ಇವತ್ತ ಹಾಕಿ ಕಳಸು."

ತ್ರಿವೇಣಿ ಹುರುಳಿಕಾಳಿನ ಬಣ್ಣದ ಎರಡು ಮಶಿನ್ ತಂದು ಅವರ ಕಿವಿಯ ಹಿಂದೆ ಸಿಕ್ಕಿಸಿ, ಗುಂಡಿ ತಿರುಗಿಸಿದಳು. ಶಿವಪುತ್ರಪ್ಪ ಕೂತಲ್ಲೇ ಬೆಚ್ಚಿದರು. ಎಲ್ಲೋ ಗಡಿಯಾರ ಟಿಕ್ ಎನ್ನುತ್ತಿತ್ತು. ಕಾಗದ ಸರಸರ ಎಂದಿತು. ಹೆಂಡತಿಯ ಬಳೆಗಳು, ಹದಿನೈದು ವರ್ಷ ಒಂದೇ ಮನೆಯಲ್ಲಿದ್ದ ಬಳೆಗಳು, ಇಷ್ಟು ಸದ್ದು ಮಾಡುತ್ತವೆಂದು ಅವರಿಗೆ ಗೊತ್ತೇ ಇರಲಿಲ್ಲ.

"ಕೇಳಸ್ತದೇನ್ರಿ?" ಎಂದು ಸುಮಂಗಲಾಬಾಯಿ ಎಂದಿನ ದನಿಯಲ್ಲಿ ಕೇಳಿದರು.

"ಹೂಂ."

"ಹಂಗಾರ ಛಂದಂಗ ಕೇಳ್ರಿ. ಇವತ್ತಿನಿಂದ ಮನ್ಯಾಗ ಇಯರ್‌ಫೋನ್ ಬಂದ್. ಇದ್ದವು ಅಷ್ಟೂ ಮಾರ್ರಿ."

"ನಾನು ತಗೋತೀನಿ ಮೇಡಂ," ಎಂದ ಮೋಹನದಾಸ್ ತಡಮಾಡದೆ. "ಅರ್ಧ ರೇಟಿಗೆ." ನಂತರ ಸೋಮವಾರದಿಂದ ಶಿವಪುತ್ರಪ್ಪನವರ ಕುರ್ಚಿಯಲ್ಲಿ ಕೂರಲಿರುವ ಆ ಮನುಷ್ಯ, ಅವರ ಮುಖದ ಹತ್ತಿರ ಬಗ್ಗಿ, ಕಿವಿಯ ಹಿಂದಿನ ಮಶಿನನ್ನು ಆ ಕಡೆ ಈ ಕಡೆಯಿಂದ ನೋಡಿ, ನಿಜವಾದ ಕುತೂಹಲದಿಂದಲೇ ಕೇಳಿದ: "ಹೇಗಿದೆ ಸರ್, ಸೌಂಡು?"

ಶಿವಪುತ್ರಪ್ಪ ಕಣ್ಣು ಮುಚ್ಚಿದರು. ತಲೆಯನ್ನು ತುಸು ಓರೆ ಮಾಡಿದರು. ಎಲ್ಲರೂ ಹತ್ತಿರ ಬಗ್ಗಿದರು.

"ಮಿಡ್ ಅಡ್ಡಿಯಿಲ್ಲ," ಎಂದರು. "ಟ್ರೆಬಲ್ ಸ್ವಲ್ಪ ಹೆಚ್ಚಾತು."