ಬೆಲ್ಲ ಮುಟ್ಟದ ಭಾವ

ನನ್ನ ಭಾವನಿಗೆ ಬೆಲ್ಲ ನೀರು ಕೊಟ್ಟರೆ ಸಿಟ್ಟು ಬರುತ್ತದೆ. ಸಕ್ಕರೆ ಕಾಯಿಲೆಯೇ ಎಂದು ಕೇಳಬೇಡಿ. ಊಟ ಮುಗಿಯಿತು ಎಂದು ಎದ್ದವನು, ಹೋಳಿಗೆಯ ಪಾತ್ರೆ ಕಂಡರೆ ಮತ್ತೆ ಕೂರುವ ಆಸಾಮಿ ಅವನು! ನಮ್ಮ ಪುತ್ತೂರು, ಸುಳ್ಯದ ಕಡೆ ಮೆಟ್ಟಿಲು ಹತ್ತಿ ಬಂದ ನೆಂಟರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಆಮೇಲೆ ಕ್ಷೇಮ ಸಮಾಚಾರ. ಭಾವ ಮಾತ್ರ ಯಾರ ಮನೆಗೆ ಹೋದರೂ ಬೆಲ್ಲದ ತಟ್ಟೆ ಹೊರಗೆ ಬರುವ ಮೊದಲೇ ಸೀದಾ ಅಡುಗೆಮನೆಗೆ ನುಗ್ಗಿ, ಕೊಡದಿಂದ ತಾನೇ ನೀರು ಬಗ್ಗಿಸಿಕೊಂಡು ಗಟಗಟ ಕುಡಿಯುತ್ತಾನೆ.

ಅವನಿಗೆ ಹೆಣ್ಣು ನೋಡಲು ಮಂಡೆಕೋಲಿಗೆ ಹೋದಾಗಲೂ ಹಾಗೆಯೇ! ನಾನೂ ಅಪ್ಪನೂ ಜಗಲಿಯಲ್ಲಿ ಗಂಭೀರವಾಗಿ ಕೂತಿದ್ದೇವೆ. ಪಕ್ಕಕ್ಕೆ ತಿರುಗಿದರೆ ವರನೇ ಇಲ್ಲ! ಅಷ್ಟರಲ್ಲಿ ಒಳಗಿನಿಂದ ಹುಡುಗಿಯ ಅಜ್ಜಿಯ ಕೂಗು.

"ಅಯ್ಯೋ, ಯಾರಪ್ಪಾ ಇವ? ಒಲೆಯ ಹತ್ರ ಬಂದು ನಿಂತಿದ್ದಾನೆ!"

"ನಾನು ಮದುಮಗ, ಅಜ್ಜಿ. ಬಾಯಾರಿತು."

"ಮಾತೇ ಆಗ್ಲಿಲ್ಲ, ಆಗಲೇ ಮದುಮಗನಾ?"

ಅಲ್ಲೇ ನಿಂತಿದ್ದ ಹುಡುಗಿಗೆ ನಗು ತಡೆಯಲಾಗಲಿಲ್ಲ. ಅದೇ ಒಪ್ಪಿಗೆಯಾಯಿತು. ಅಪ್ಪ ದಾರಿಯುದ್ದಕ್ಕೂ ಹಣೆ ಚಚ್ಚಿಕೊಂಡರು. ನಾನೂ ನಕ್ಕೆ, ಆದರೆ ನಗು ಅರ್ಧಕ್ಕೇ ನಿಂತಿತು. ಈ ಹುಚ್ಚನ್ನು ಅವನಿಗೆ ಅಂಟಿಸಿದವನು ನಾನೇ. ಈಗ ನನಗೆ ವಯಸ್ಸಾಯಿತು. ಇನ್ನು ಮುಚ್ಚಿಟ್ಟು ಯಾರಿಗೆ ಲಾಭ?

ಭಾವ ಎಂದರೆ ನನ್ನ ಸೋದರತ್ತೆಯ ಮಗ, ನನ್ನ ಓರಗೆಯವನು. ಅವನ ಅಪ್ಪ ಹಡಗು ಕಂಪೆನಿಯೊಂದರ ಗುಮಾಸ್ತರು. ಭಾವ ಹುಟ್ಟಿ ಬೆಳೆದದ್ದು ಕೊಲಂಬೊದಲ್ಲಿ, ಶಾಲೆಗೆ ಸೇರಿದ್ದು ಬೊಂಬಾಯಿಯಲ್ಲಿ. ಅಪ್ಪನಿಗೆ ಮೊಂಬಾಸಕ್ಕೆ ವರ್ಗವಾದಾಗ, "ಹುಡುಗನಿಗೆ ಇನ್ನಾದರೂ ಒಂದು ಊರು ಅಂತ ಆಗಲಿ" ಎಂದು ಅವನನ್ನು ನಮ್ಮ ಮನೆಗೆ ತಂದು ಬಿಟ್ಟರು. ಐವತ್ತರ ದಶಕದ ಮಾತು. ಸುಳ್ಯ ಪೇಟೆಯಲ್ಲಿ ನಮ್ಮದೊಂದು ಸಣ್ಣ ಜವಳಿ ಅಂಗಡಿ. ಅದರ ಹಿಂದೆಯೇ ಮನೆ.

ಅವನು ಬಂದ, ಮನೆಯ ನಾಲ್ಕು ಗೋಡೆಯೊಳಗೆ ಅರ್ಧ ಪ್ರಪಂಚವೇ ಬಂತು! ಮಗ್ಗಿ ಹೇಳುವುದು ಮರಾಠಿಯಲ್ಲಿ, ದೇವರಿಗೆ ಕೈಮುಗಿಯುವುದು ತಮಿಳಿನಲ್ಲಿ, ಬೈಯುವುದು ಸಿಂಹಳದಲ್ಲಿ. ನಮಗೆ ಬೈದರೆ ಪೆಟ್ಟು, ಅವನಿಗೆ ಪೆಟ್ಟೇ ಇಲ್ಲ. ಬೈದದ್ದು ಅರ್ಥವಾದರೆ ತಾನೇ ಹೊಡೆಯುವುದು? ನಿದ್ದೆಯಲ್ಲಿ ಮಾತ್ರ ಎಲ್ಲವೂ ಒಟ್ಟಿಗೆ. ಅಜ್ಜಿ ಹೇಳುತ್ತಿದ್ದರು, "ಇವನ ಕನಸಿಗೆ ಹೋಗ್ಬೇಕಾದ್ರೆ ಮೂರು ಕಡೆ ಬಸ್ಸು ಬದಲಿಸ್ಬೇಕು ಮಾರಾಯ್ತಿ!"

ಶಾಲೆಯ ಮೊದಲ ದಿನ ಮಾಸ್ತರರು ಕೇಳಿದರು, "ನಿಂದು ಯಾವ ಊರು?"

"ಯಾವಾಗ, ಸಾರ್?"

ಬೆತ್ತ ಮೇಲೆದ್ದಿತು. ಪಾಪ, ಅದು ಅಧಿಕಪ್ರಸಂಗವಲ್ಲ. ಸರಿಯಾದ ಉತ್ತರ ಕೊಡಬೇಕೆಂದೇ ಅವನು ಕೇಳಿದ್ದು!

ವರ್ಷ ಕಳೆಯುವುದರೊಳಗೆ ಅವನು ಬೀದಿಯಲ್ಲಿ ತುಳು, ನೆರೆಯ ಗೌಡರ ಮನೆಯಲ್ಲಿ ಅರೆಭಾಷೆ, ಬ್ಯಾರಿಯವರ ಅಂಗಡಿಯಲ್ಲಿ ಬ್ಯಾರಿ ಮಾತಾಡತೊಡಗಿದ. ಮಾತು ಮಾತ್ರವೇ? ಅವರವರು ಕೂರುವ ರೀತಿ, ಕೆಮ್ಮುವ ರೀತಿ ಕೂಡ! ಮುಂದೆ ಅವನು ಸುಬ್ರಹ್ಮಣ್ಯದ ಬಸ್ಸಿಗೆ ಕಂಡಕ್ಟರ್ ಆದಾಗ, ಇಬ್ಬರು ಪ್ರಯಾಣಿಕರು ಅವನಿಗಾಗಿ ಜಗಳಕ್ಕೇ ನಿಂತಿದ್ದರು.

"ಕಂಡಕ್ಟ್ರು ನಮ್ಮ ಸಂಪಾಜೆ ಕಡೆಯವ."

"ಎಂತ ಸಂಪಾಜೆ? ಮಾತು ಕೇಳಿದ್ರೆ ಗೊತ್ತಾಗುದಿಲ್ವಾ ನಿಮಗೆ? ಇವ ನಮ್ಮವ!"

ನ್ಯಾಯ ಭಾವನ ಮುಂದೆಯೇ ಬಂತು. ಅವನು ಸೀಟಿ ಊದಿ, "ಇಬ್ರೂ ಸ್ವಲ್ಪ ಮುಂದೆ ಹೋಗಿ, ಜಾಗ ಉಂಟು" ಎಂದ.

ಹೀಗೆ ಊರೆಲ್ಲ "ಇವ ನಮ್ಮವ" ಎನ್ನುತ್ತಿದ್ದ ಹುಡುಗನನ್ನು ಹಾಗೆನ್ನದ ಮನೆ ಒಂದೇ ಇತ್ತು. ಅದು ನಮ್ಮದು. ಕಾರಣ ನಾನು.

ಅವನು ಬರುವ ಮೊದಲು ಅಜ್ಜಿಯ ಪಕ್ಕದ ಮಣೆ ನನ್ನದು, ಕಾವಲಿಯ ಮೊದಲ ದೋಸೆ ನನ್ನದು. ಎರಡೂ ಹೋದವು. ಹೊಟ್ಟೆಯುರಿಗೆ ಉಪಾಯ ಹೊಳೆಯಲು ಎಷ್ಟು ಹೊತ್ತು ಬೇಕು? ಶಾಲೆ ಬಿಟ್ಟೊಡನೆ ಅವನಿಗಿಂತ ಮೊದಲು ಓಡಿಬಂದು, ಜಗಲಿಯಲ್ಲಿ ಬೆಲ್ಲ ನೀರು ಇಟ್ಟು, ಕೈಮುಗಿದು ನಿಲ್ಲುತ್ತಿದ್ದೆ.

"ಬನ್ನಿ ಭಾವಯ್ಯಾ, ಕೂತ್ಕೊಳ್ಳಿ, ಬೆಲ್ಲ ತೆಕೊಳ್ಳಿ. ಮತ್ತೆ ಹೊರಡುದು ಯಾವಾಗ?"

ಮನೆಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಭಾವ ಭಾವಂದಿರು ಗೇಲಿ ಮಾಡಿಕೊಳ್ಳುವುದು ನಮ್ಮಲ್ಲಿ ಹುಟ್ಟಿನಿಂದ ಬಂದ ಹಕ್ಕು. ಅದರೊಳಗೆ ವಿಷ ಉಂಟೆಂದು ಯಾರು ಹುಡುಕುತ್ತಾರೆ? ಅವನೂ ನಗುತ್ತಿದ್ದ. ನೀರು ಕುಡಿದು, ಬೆಲ್ಲವನ್ನು ಕಿಸೆಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದ. ನನಗೂ ಬೇಜಾರು ಬರಲಿಲ್ಲ, ಬೆಲ್ಲವೂ ಮುಗಿಯಲಿಲ್ಲ!

ಒಂದು ದಿನ ನಮ್ಮ ಮನೆಯಲ್ಲಿ ಇರುವೆಗಳ ದಿಬ್ಬಣ ಹೊರಟಿತು. ಅಂಗಳದಿಂದ ಜಗಲಿ, ಜಗಲಿಯಿಂದ ಚಾವಡಿ, ಅಲ್ಲಿಂದ ಸೀದಾ ಭಾವನ ಟ್ರಂಕಿಗೆ. ಅಮ್ಮ ಪೊರಕೆ ಹಿಡಿದು ಬಂದು ಮುಚ್ಚಳ ಎತ್ತಿದರು. ನಾನು ಇಣುಕಿದೆ. ಬೊಂಬಾಯಿಯಿಂದ ಬಂದಾಗ ಮಡಚಿದ್ದ ಬಟ್ಟೆ ಹಾಗೆಯೇ ಉಂಟು. ಹೊರಡು ಎಂದರೆ ಆ ಕ್ಷಣವೇ ಎತ್ತಿಕೊಂಡು ಹೊರಡುವ ಹಾಗೆ! ಮೂಲೆಯಲ್ಲಿ ನಾನು ಕೊಟ್ಟ ಬೆಲ್ಲವೆಲ್ಲ ಕರಗಿ, ಅಂಟಿಕೊಂಡು, ಒಂದು ಮುದ್ದೆಯಾಗಿತ್ತು.

"ಯಾಕೆ ಮಗಾ, ತಿನ್ನಲಿಲ್ವಾ?" ಅಮ್ಮ ಕೇಳಿದರು.

ಭಾವ ನೆಲ ನೋಡುತ್ತ ಹೇಳಿದ, "ತಿಂದ್ರೆ ನೆಂಟ ಆಗ್ತೇನಲ್ಲ ಅತ್ತೆ."

ಅಮ್ಮ ಪೊರಕೆ ಕೆಳಗಿಟ್ಟರು. ಅವರು ನನಗೆ ಹೊಡೆಯಲಿಲ್ಲ. ನನ್ನನ್ನೇ ನೋಡಿ ಮೆಲ್ಲಗೆ ಹೇಳಿದರು, "ನಾಳೆಯಿಂದ ನಿನಗೆ ಕೊಡ್ತೇನೆ ಬೆಲ್ಲ. ಆಗ್ಬಹುದಾ?"

ಯಾವ ಬೆತ್ತಕ್ಕೂ ನಾನು ಅಷ್ಟು ಹೆದರಿರಲಿಲ್ಲ.

ಮರುದಿನ ಸಂಜೆ ಭಾವ ಮೆಟ್ಟಿಲು ಹತ್ತುತ್ತಿದ್ದಾನೆ. ಬೆಲ್ಲವಿಲ್ಲ, ಚೆಂಬಿಲ್ಲ. ಒಳಗಿನಿಂದ ಅಮ್ಮನ ಗರ್ಜನೆ, "ಎಲ್ಲಿ ಸತ್ತಿದ್ದಿ ಇಷ್ಟು ಹೊತ್ತು? ಬಾವಿಯಿಂದ ನೀರು ತರ್ಲಿಕ್ಕೆ ನಿನ್ನಜ್ಜ ಬರ್ತಾರಾ?"

ಬೈಗುಳ ತಿಂದು ಅಷ್ಟು ಖುಷಿಪಟ್ಟವರನ್ನು ನೀವು ನೋಡಿದ್ದೀರಾ? ಚೀಲ ಬಿಸಾಡಿ ಕೊಡ ಎತ್ತಿಕೊಂಡು ಓಡಿದ ಅವನು, ನೀರು ಸಾಕು ಎಂದರೂ ಸೇದುವುದನ್ನು ನಿಲ್ಲಿಸಲಿಲ್ಲ! ಆದರೂ ಭಯ ಪೂರ್ತಿ ಹೋಗಲಿಲ್ಲವೇನೋ. ಯಾರಾದರೂ ತನ್ನನ್ನು ನೆಂಟನನ್ನಾಗಿ ಮಾಡುವ ಮೊದಲೇ ಅಡುಗೆಮನೆಗೆ ನುಗ್ಗುವ ಅಭ್ಯಾಸ ಶುರುವಾದದ್ದು ಆಗ.

ಮದುವೆಯಾಗಿ ಅವನು ಕಡಬದಲ್ಲಿ ಮನೆ ಮಾಡಿದ. ತಪ್ಪಾಯಿತೆಂದು ಹೇಳಿಬಿಡಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಮೊದಲ ಸಲ ಅಲ್ಲಿಗೆ ಹೋದೆ. ಜಗಲಿಯಲ್ಲಿ ಕೂತೆ. ಮಂಡೆಕೋಲಿನ ಆ ಹುಡುಗಿ ತಲೆಬಾಗಿಸಿ ಬೆಲ್ಲ ನೀರು ತಂದಿಟ್ಟಳು. ನನಗೆ ತಕ್ಕದ್ದೇ ಸಿಕ್ಕಿತು ಎಂದುಕೊಂಡು ಕೈ ಚಾಚಿದೆ.

ಒಳಗಿನಿಂದ ಭಾವನ ದನಿ ಬಂತು, "ಏ, ಅವನಿಗೆ ಯಾಕೆ ಬೆಲ್ಲ? ಅವ ಎಂತ ನೆಂಟನಾ? ನೀರು ಇಲ್ಲಿ ಕೊಡದಲ್ಲಿ ಉಂಟು, ಬಂದು ಕುಡಿ ಮಾರಾಯ!"

ನಾನು ಎದ್ದು ಒಳಗೆ ಹೋದೆ. ನೀರು ಬಗ್ಗಿಸಿಕೊಂಡೆ. ಅವನ ಹಾಗೆಯೇ ಗಟಗಟ ಕುಡಿದೆ. ಬಸ್ಸಿನಲ್ಲಿ ಜೋಡಿಸಿದ್ದ ಮಾತಿನ ಬದಲು ಅವನಿಗೂ ಒಂದು ಲೋಟ ಬಗ್ಗಿಸಿಕೊಟ್ಟೆ.