ಮೇಲಿನ ಮನೆಯ ತಟ್ಟೆ

ನನ್ನ ಸೋದರಮಾವನ ಜೊತೆ ಕಲ್ಲಂಗಡಿ ಕೊಳ್ಳಲು ಹೋಗುವವರು ಬುತ್ತಿ ಕಟ್ಟಿಕೊಂಡೇ ಹೊರಡಬೇಕು! ಚೆನ್ನೈಯ ಕೋಯಂಬೇಡು ಮಾರುಕಟ್ಟೆಯಲ್ಲಿ ಅವರು ರಾಶಿಯ ಒಂದೊಂದು ಹಣ್ಣನ್ನೂ ಕಿವಿಗಿಟ್ಟು ತಟ್ಟುತ್ತಾರೆ. ಅಂಗಡಿಯವನು ಒಮ್ಮೆ ತಾಳ್ಮೆಗೆಟ್ಟು, "ಸಾರ್, ಪಳಂ ವಾಂಗ ವಂದೀಂಗಳಾ, ಮೃದಂಗಂ ವಾಸಿಕ್ಕ ವಂದೀಂಗಳಾ?" ಎಂದ. ಹಣ್ಣು ಕೊಳ್ಳಲು ಬಂದಿರೋ, ಮೃದಂಗ ನುಡಿಸಲೋ ಎಂದು! ಅಷ್ಟು ತಟ್ಟಿ ತಂದದ್ದನ್ನು ಮನೆಯಲ್ಲಿ ಕೊಯ್ದರೆ ಒಳಗೆ ಮೂಲಂಗಿಯ ಬಿಳುಪು.

ನಿವೃತ್ತರಾಗುವ ತನಕ ಭೂಕಂಪ ವಿಜ್ಞಾನಿಯಾಗಿ ಮಾವ ಮಾಡಿದ್ದೂ ಇದೇ ಕೆಲಸ, ಹಣ್ಣು ಮಾತ್ರ ದೊಡ್ಡದು. ಅಂಡಮಾನಿನ ಹತ್ತಿರ ಸಮುದ್ರದ ತಳವೇ ಒಂದು ತಟ್ಟೆಯಾಗಿ (ಭೂವಿಜ್ಞಾನದ ‘ಪ್ಲೇಟ್’ಗೆ ಮಾವನ ಕನ್ನಡ ಅದು), ಇನ್ನೊಂದು ತಟ್ಟೆಯ ಅಡಿಗೆ ಜಾರಿ, ಭೂಮಿಯ ಒಡಲಿಗೆ ಇಳಿಯುತ್ತದಂತೆ. ಅಷ್ಟು ಆಳಕ್ಕೆ ಯಾರು ಹೋಗಿ ನೋಡುತ್ತಾರೆ? ಭೂಕಂಪವೇ ತಟ್ಟಬೇಕು. ಅದರ ಅಲೆಗಳು ತಣ್ಣನೆಯ ಕಲ್ಲಿನಲ್ಲಿ ಬೇಗ ಓಡುತ್ತವೆ, ಕಾದು ಮೆತ್ತಗಾದ ಕಲ್ಲಿನಲ್ಲಿ ತಡವರಿಸುತ್ತವೆ. ಬಂದು ಮುಟ್ಟಿದ ಹೊತ್ತು ನೋಡಿ ದಾರಿಯಲ್ಲಿ ಏನಿತ್ತೆಂದು ಹೇಳಬಹುದು. ಸದ್ಯ, ಭೂಮಿಯನ್ನು ಯಾರೂ ಕೊಯ್ದು ನೋಡಲಿಲ್ಲ. ಮಾವನ ನೌಕರಿ ಉಳಿಯಿತು!

"ನಾನೂ ನಿಮ್ಮತ್ತೇನೂ ಕೋಯಂಬೇಡಿಂದ ತಡವಾಗಿ ಬಂದ್ರೆ ದಾರೀಲಿ ಟ್ರಾಫಿಕ್ಕು ಅಂತ ತಿಳಿಯಲ್ವೇನೇ? ಹಾಗೇ ಇದೂ," ಎಂದು ಮಾವ ನನಗೆ ಪಾಠ ಮಾಡುತ್ತಾರೆ.

"ಟ್ರಾಫಿಕ್ಕೂ ಇಲ್ಲ, ಮಣ್ಣೂ ಇಲ್ಲ. ನೀವು ಸೋರೆಕಾಯಿ ತಟ್ತಾ ನಿಂತಿದ್ರಿ," ಎಂದು ಅತ್ತೆ ನಡುವೆ ಬರುತ್ತಾರೆ. "ಅದಿರ್ಲಿ, ಒಂದು ತಟ್ಟೆ ಇನ್ನೊಂದರ ಅಡೀಗೆ ಹೋದ್ರೆ ತೊಳೆಯೋರು ಯಾರ್ರೀ?"

ಅಂಬತ್ತೂರಿನಲ್ಲಿ ಕೆಲಸ ಸಿಕ್ಕಿದಾಗಿನಿಂದ ನಾನು ಅಡ್ಯಾರಿನ ಅವರ ಹಳೆಯ ಫ್ಲಾಟಿನಲ್ಲೇ ಇದ್ದೇನೆ. ಇತ್ತೀಚೆಗೆ ಮಾವನ ತಟ್ಟುವ ಚಟ ಕೋಲು ಹಿಡಿದು ನಡುಮನೆಯ ಚಾವಣಿಗೆ ತಿರುಗಿತ್ತು. ಫ್ಯಾನಿನ ಪಕ್ಕದ ಗಾರೆ ಒಳಗೆ ಟೊಳ್ಳಾಗಿದೆ ಎಂದು ಅವರ ವಾದ. ಅದರ ಕೆಳಗಿದ್ದ ಅತ್ತೆಯ ಕುರ್ಚಿಯನ್ನು ಅವರು ಸರಿಸುವುದು, ಅತ್ತೆ ಮತ್ತೆ ಎಳೆದು ತರುವುದು. ಚೆನ್ನೈಯ ಸೆಕೆಯಲ್ಲಿ ಫ್ಯಾನಿನ ಕೆಳಗಿನ ಜಾಗವನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ? ಅದೂ ಮೂಲಂಗಿಯಂಥ ಕಲ್ಲಂಗಡಿ ತಂದವರ ಮಾತು ಕೇಳಿ!

ಒಂದು ದಿನ ತಮ್ಮ ನೆಲದ ಅಡಿಯ ಸದ್ದು ಕೇಳಿ ಮೇಲಿನ ಮನೆಯ ತಮಿಳು ಮಾಮಿ ಇಳಿದು ಬಂದರು. "ಎನ್ನ ಸಾರ್ ವೇಣುಂ?" ಏನು ಬೇಕು ಎಂದರು. ಮಾವ ತಮ್ಮ ಕನ್ನಡದ ತಮಿಳಿನಲ್ಲಿ, "ಒಣ್ಣುಮಿಲ್ಲೆ ಮಾಮಿ, ಸುಮ್ಮಾ ತಟ್ಟು!" ಎಂದರು. ಸುಮ್ಮನೆ ತಟ್ಟಿದೆ ಎಂದು ಹೇಳಹೊರಟದ್ದು ಪಾಪ. ತಮಿಳಿನಲ್ಲಿ ತಟ್ಟು ಎಂದರೆ ತಟ್ಟೆಯೂ ಹೌದು! ಮಾಮಿ ಹೋಗಿ ಒಂದು ಸ್ಟೀಲ್ ತಟ್ಟೆ ತಂದರು. ಬರಿದೇ ಕೊಡಬಾರದೆಂದು ಅದರ ತುಂಬ ಸುಂಡಲ್, ನಮ್ಮ ಕಡಲೆ ಉಸಲಿ. ಕಡಲೆ ತಿಂದದ್ದಾಯಿತು. ಖಾಲಿ ತಟ್ಟೆ ಹಿಂದಿರುಗಿಸುವುದು ಹೇಗೆ? ಅದು ಅಡಿಗೆಮನೆಯಲ್ಲಿ ಅತ್ತೆಯ ಕೋಡುಬಳೆಗಾಗಿ ಕಾಯುತ್ತಾ ಕುಳಿತಿತ್ತು.

ಹೋದ ವಾರ ಅತ್ತೆ ಅದೇ ಕುರ್ಚಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ನಾನು ಎದುರಿನ ಸೋಫಾದಲ್ಲಿದ್ದೆ. ತಲೆ ಸುತ್ತಿದಂತಾಯಿತು. ನೋಡಿದರೆ ಫ್ಯಾನು ತೂಗುತ್ತಿದೆ, ಲೋಟದ ನೀರು ತುಳುಕುತ್ತಿದೆ. ನಾನು ಸೋಫಾದ ಕೈ ಹಿಡಿದುಕೊಂಡೆ. ಮಾವ ಮಾತ್ರ ಬಾಗಿಲಲ್ಲಿ ನಿಂತು ಹಬ್ಬ ಬಂದವರ ಹಾಗೆ ಕೂಗಿದರು: "ತಟ್ಟೆ! ಲೇ, ತಟ್ಟೆ ಕಣೇ!"

"ಅಯ್ಯೋ, ಆ ಮಾಮಿ ತಟ್ಟೆ ಒಂದಾಗೋಯ್ತು ನಿಮಗೆ! ಈಗ್ಲೇ ಕೊಟ್ಟು ಬರ್ತೀನಿ, ಬಿಡಿ," ಎಂದು ಅತ್ತೆ ಸಿಡಿಮಿಡಿಯಿಂದ ಎದ್ದು ಅಡಿಗೆಮನೆಗೆ ಹೋದರು.

ಧಡ್!

ಧೂಳು ಇಳಿದಾಗ ಕುರ್ಚಿಗೆ ಬೆನ್ನಿರಲಿಲ್ಲ. ಹುರುಳಿಕಾಯಿಯ ಮೇಲೆ ಗಾರೆಯ ಹೆಂಟೆಗಳು. ಈಗಲೂ ಕಣ್ಣು ಮುಚ್ಚಿದರೆ ಆ ಕುರ್ಚಿಯೇ ಕಾಣುತ್ತದೆ. ಒಮ್ಮೊಮ್ಮೆ ಅದರಲ್ಲಿ ಅತ್ತೆ ಇರುತ್ತಾರೆ. ಬೆಚ್ಚಿ ಕಣ್ಣು ಬಿಟ್ಟರೆ ಒಳಗಿನಿಂದ ಒಗ್ಗರಣೆಯ ಸದ್ದು. ಅಬ್ಬಾ!

ಅಂದು ಅತ್ತೆ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮಾವ ಗಾರೆಯನ್ನು ತುಳಿದುಕೊಂಡೇ ಓಡಿ ಅವರ ಭುಜ ಹಿಡಿದರು.

"ಏನೂ ಆಗ್ಲಿಲ್ವಲ್ಲ? ಒಳಗೆಲ್ಲಾದ್ರೂ ಪೆಟ್ಟು?"

"ಕೊಯ್ಯದೆ ಒಳಗಿಂದು ಹೇಳೋರು ನೀವು. ತಟ್ಟಿ ನೋಡ್ರೀ," ಎಂದರು ಅತ್ತೆ.

ಮಾವ ತಟ್ಟಲಿಲ್ಲ. ಅತ್ತೆಯ ಬೆನ್ನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟರು. ಫ್ಯಾನು ತೂಗುವುದನ್ನು ನಿಲ್ಲಿಸಿದ ಮೇಲೂ ಅತ್ತೆಯ ಕೈಯಲ್ಲಿ ಆ ತಟ್ಟೆ ಸಣ್ಣಗೆ ಸದ್ದು ಮಾಡುತ್ತಲೇ ಇತ್ತು.